ಕೋಟೆ ಬಾಗಿಲಲ್ಲಿ ಸತ್ತ ಸಿಪಾಯಿ

ಪುಟ್ಟರಾಜು: ನೀನು ಅವತ್ತು ಬಾಯಿ ಮುಚ್ಕಂಡಿದ್ದಿದ್ರೆ ಸಿಪಾಯಿ ಕೋಟೆ ಒಳಕ್ಕೋಗ್ತಿದ್ದ ಕಣ್ಲಾ.

ಮಹದೇವು: ಸಿಪಾಯಿ ಇದ್ದದ್ದು ಟೀವಿ ಒಳಗೆ. ನಾನಿದ್ದದ್ದು ಚಾಪೆ ಮ್ಯಾಲೆ. ನನ್ ಬಾಯಿಗೂ ಅವನ್ ಸಾವಿಗೂ ಏನ್ಲಾ ಸಂಬಂಧ?

ಪುಟ್ಟರಾಜು: 'ಬಂತು ಬಂತು ಬಾಗ್ಲು' ಅಂತ ಕಿವಿತಾವ ಬಡ್ಕಂಡೆಯಲ್ಲ. ಕೈ ನಡುಗ್ತು. ಸತ್ತ.

ಇದು ಮೂವತ್ತು ವರ್ಷದ ಹಿಂದಿನ ಸಾವು. ಚಿಕ್ಕರಸಿನಕೆರೆಯ ಪುಟ್ಟರಾಜುವಿನ ಮನೆಗೆ ದಸರಾ ರಜೆಯಲ್ಲಿ ಅವನ ಸೋದರಮಾವ ಒಂದು ವಿಡಿಯೋ ಗೇಮು ತಂದಿದ್ದ. ಅದರೊಳಗಿನ ಸಿಪಾಯಿ ಹೊಂಡ ಹಾರಿ, ಮೊಸಳೆಯ ತಲೆ ತುಳಿದು, ಕೋಟೆ ಬಾಗಿಲವರೆಗೆ ಬಂದು, ತಪ್ಪದೆ ಅಲ್ಲೇ ಸಾಯುತ್ತಿದ್ದ. ರಜೆಯ ಎಂಟು ದಿನವೂ ಗೇಮಿನ ರಿಮೋಟು ಹಿಡಿದವನು ಪುಟ್ಟರಾಜು. ಎಂಟು ದಿನದ ತಪ್ಪೂ ಪಕ್ಕದಲ್ಲಿ ಕೂತ ಮಹದೇವುವಿನದು. ಊರು ಒಬ್ಬನನ್ನು 'ಮೊಸಳೆ ಪುಟ್ಟರಾಜು' ಎಂದು ಮೆರೆಸಿತು, ಇನ್ನೊಬ್ಬನಿಗೆ 'ಬಾಯ್ಬಡುಕ' ಎಂದು ಹೆಸರಿಟ್ಟಿತು. ಪುಟ್ಟರಾಜು ಈಗ ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟರು. ಮಹದೇವು ಊರಲ್ಲೇ ಹಿಟ್ಟಿನ ಮಿಲ್ಲು ಇಟ್ಟಿದ್ದಾನೆ. ರಾಗಿ ಬೀಸಿಸಲು ಬಂದ ಹೆಂಗಸರು ಇವತ್ತಿಗೂ 'ಬಾಯ್ಬಡುಕಣ್ಣ' ಎನ್ನುತ್ತಾರೆ. ಪುಟ್ಟರಾಜುವಿನ ಮಗಳು ಚೈತನ್ಯಾಳಿಗೆ ತಂದ ಹೊಸ ಗೇಮು ಮಿಷನ್ನಿನಲ್ಲಿ ಹಳೇ ಗೇಮುಗಳನ್ನೂ ಆಡಬಹುದೆಂದು ಕಿವಿಗೆ ಬಿದ್ದದ್ದೇ ತಡ, ಮಹದೇವು ಭಾನುವಾರ ಮಿಲ್ಲಿಗೆ ಬೀಗ ಜಡಿದು ಮಂಡ್ಯದ ಬಸ್ಸು ಹತ್ತಿದ್ದ.

ಮಹದೇವು: ಇವತ್ತು ತೀರ್ಮಾನ ಆಗ್ಲಿ. ನೀನಾಡು, ನಾನು ಉಸ್ರೆತ್ತಾಕಿಲ್ಲ. ಆಗ್ಲೂ ಅವನು ಸತ್ರೆ, ತಪ್ಪು ನಂದಲ್ಲ ಅಂತ ಊರ್ನೋರ ಮುಂದೆ ನಿಂತ್ಕಂಡು ಏಳ್ಬೇಕು.

ಪುಟ್ಟರಾಜು: ಕೋಟೆ ಒಳಕ್ಕೋದ್ರೆ?

ಮಹದೇವು: ಸಾಯೋಗಂಟ ಬಾಯ್ಬಡುಕ ಅನ್ನು. ಓಗೊಡ್ತೀನಿ.

ಪುಟ್ಟರಾಜುವಿನ ಹೆಂಡತಿ ಶಶಿರೇಖಾ ಅಡುಗೆಮನೆಯಿಂದ ಬಂದಳು. ಮಂಡ್ಯದ ಕಾನ್ವೆಂಟಿನಲ್ಲಿ ಓದಿದವಳು. ಗಂಡನ ಮೊಸಳೆ ಪುರಾಣವನ್ನು ಮದುವೆಯಾದಂದಿನಿಂದ ಕೇಳಿಸಿಕೊಂಡವಳು. ಗೇಮು ಹುಡುಕಿ ಟೀವಿಗೆ ಹಾಕಿದಳು.

ಶಶಿರೇಖಾ: ಮಹದೇವಣ್ಣ, ಬಸ್ಸಾರು ಆರೋದ್ರೊಳಗೆ ನಿಮ್ಮ ಕೋಟೆ ಗೆದ್ದುಬಿಡಿ. ಸಾಕಾದ್ರೆ ಅಲ್ಲಲ್ಲೇ ಸೇವ್ ಮಾಡ್ಕೋಬಹುದು ಇದರಲ್ಲಿ.

ಮಹದೇವು: ಸೇವಾ? ಬೆಳಿಗ್ಗೇನೇ ಮಾಡ್ಕಬಂದಿವ್ನಿ ಕಣ್ ತಂಗ್ಯಮ್ಮ.

ಶಶಿರೇಖಾ: ಗಡ್ಡ ಅಲ್ಲಣ್ಣ, ಆಟ. ನಿಲ್ಲಿಸಿದ ಕಡೆಯಿಂದ್ಲೇ ನಾಳೆ ಮುಂದುವರಿಸಬಹುದು.

ಪುಟ್ಟರಾಜು: ಅದೆಲ್ಲ ಕೈಲಾಗ್ದೋರಿಗೆ.

ಅವನು ರಿಮೋಟನ್ನು ಕಣ್ಣಿಗೊತ್ತಿಕೊಂಡು, ಸೋಫಾ ಬಿಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಮಹದೇವು ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಸಿಪಾಯಿ ಓಡಿದ. ಪುಟ್ಟರಾಜುವಿನ ಹೆಬ್ಬೆರಳುಗಳು ಏನನ್ನೂ ಮರೆತಿರಲಿಲ್ಲ. ಒಂದು ಹೊಂಡ, ಎರಡು ಹೊಂಡ. ಸಿಪಾಯಿ ಹಾರಿದಾಗಲೆಲ್ಲ ಅವನ ಹೊಟ್ಟೆಯೂ ಹಾರುತ್ತಿತ್ತು.

ಪುಟ್ಟರಾಜು: ಮೊಸಳೆ ತಲೆ ಮ್ಯಾಲೆ ಎಂಗ್ ಕಾಲಿಕ್ದೆ ನೋಡ್ದಾ? ಇದು ಕಲ್ತು ಬರಾದಲ್ಲ. ರಕ್ತದಲ್ಲಿರ್ಬೇಕು.

ಮಹದೇವು: ಉಂ.

ಪುಟ್ಟರಾಜು: ಉಂ ಅನ್ನಂಗಿಲ್ಲ.

ಬಾಗಿಲು ಕಂಡಿತು. ಸಿಪಾಯಿ ಒಂದು ಹೆಜ್ಜೆ ಮುಂದಿಟ್ಟ. ಮೇಲಿನಿಂದ ಕಲ್ಲು ಬಿತ್ತು. ಸತ್ತ.

ಮಹದೇವು ಟವೆಲ್ಲು ಹೊರತೆಗೆದು ಅದರಲ್ಲೇ ಮುಖ ಒರೆಸಿಕೊಂಡ.

ಮಹದೇವು: ಈಗ ಯಾರ್ಲಾ ಮಾತಾಡ್ದೋರು?

ಪುಟ್ಟರಾಜು: ನೀನು ಉಂ ಅಂದೆ.

ಮಹದೇವು: ಅದು ಮೊಸಳೆತಾವ. ಅಲ್ಲಿ ಬದುಕ್ಕಂಡ್ಯಲ್ಲ.

ಪುಟ್ಟರಾಜು: ಅಂಗಾದ್ರೆ ಫ್ಯಾನು. ಕಿರ್ ಅಂತು.

ಶಶಿರೇಖಾ: ಫ್ಯಾನು ಕೆಟ್ಟು ತಿಂಗಳಾಯ್ತು ರೀ. ರಿಪೇರಿ ಮಾಡ್ಸಿ ಅಂತ ಹೇಳಿ ಹೇಳಿ ನನ್ನ ಗಂಟಲೇ ಕಿರ್ ಅಂತಿದೆ.

ಇನ್ನೊಂದು ಸಲ ಎಂದ ಪುಟ್ಟರಾಜು. ಸಿಪಾಯಿ ಆಗಲೇ ಓಡತೊಡಗಿದ್ದ. ಅದೇ ಹೊಂಡ, ಅದೇ ಮೊಸಳೆ, ಅದೇ ಕಲ್ಲು. ಮೂರನೆಯ ಸಲ ಬೆವರೊರೆಸಿಕೊಳ್ಳಲು ಅವನು ರಿಮೋಟನ್ನು ಕೆಳಗಿಟ್ಟ. ಸಿಪಾಯಿ ಅವನಿಗಾಗಿ ಕಾಯದೆ ಎರಡು ಹೊಂಡ ದಾಟಿದ.

ಶಶಿರೇಖಾ: ರೀ, ಯಾರು ಆಡ್ತಿರೋದು?

ಪುಟ್ಟರಾಜು: ನಾನೇ.

ಶಶಿರೇಖಾ: ರಿಮೋಟು ನೆಲದ ಮೇಲಿದೆಯಲ್ಲ.

ಪುಟ್ಟರಾಜು: ಆಗ್ಲೇ ಒತ್ತಿದ್ನಲ್ಲ. ಅದು ಈಗ ಬತ್ತಾ ಅದೆ.

ಶಶಿರೇಖಾ: ರಿಮೋಟಿಗೆ ಇನ್ನೂ ಲೈಟೇ ಹತ್ತಿಲ್ಲ, ಆನೇ ಆಗಿಲ್ಲ. ಟೀವೀಲಿ ಕೆಳಗಡೆ ಮಿಣಮಿಣ ಅಂತಿದೆಯಲ್ಲ, ಅದೇನು ಓದಿ.

ಪುಟ್ಟರಾಜು ಮನಸ್ಸಿನಲ್ಲೇ ಓದಿದ. ಮತ್ತೊಮ್ಮೆ ಓದಿದ.

ಮಹದೇವು: ಏನ್ಲಾ ಅದು?

ಪುಟ್ಟರಾಜು: ಪ್ರೆಸ್... ಸ್ಟಾರ್ಟ್.

ಶಶಿರೇಖಾ: ಸ್ಟಾರ್ಟ್ ಒತ್ತೋವರೆಗೂ ಆಟ ಶುರುವಾಗಲ್ಲ. ಇದು ಹೇಗಾಡ್ಬೇಕು ಅಂತ ಅದೇ ಆಡಿ ತೋರಿಸೋದು. ಎಂಟು ದಿನ ಈ ಎರಡು ಪದ ಯಾರ ಕಣ್ಣಿಗೂ ಬೀಳ್ಲಿಲ್ವಾ?

ಮಹದೇವು: ಬಿದ್ದಿದ್ದೊ ಕಣ್ ತಂಗ್ಯಮ್ಮ. ನಾವಾಗ ನಾಕ್ನೇ ಕ್ಲಾಸು. ನಮ್ ಇಸ್ಕೂಲಲ್ಲಿ ಎಬಿಸಿಡಿ ಸುರುವಾಯ್ತಿದ್ದದ್ದೇ ಐದ್ರಿಂದ. ಕಂಪ್ನಿ ಎಸ್ರು ಅನ್ಕಂಡಿದ್ದೊ.

ಶಶಿರೇಖಾ: ಐದಕ್ಕೆ ಬಂದ ಮೇಲೆ?

ಮಹದೇವು: ಅಷ್ಟೊತ್ತಿಗೆ ಇವ್ನ್ ಮಾವ ಗೇಮು ವಾಪಸ್ ತಕ್ಕಂಡೋಗಿದ್ರು.

ಪುಟ್ಟರಾಜು ರಿಮೋಟಿನ ಲೈಟು ಹತ್ತಿಸಿ ಸ್ಟಾರ್ಟ್ ಒತ್ತಿದ. ಸಿಪಾಯಿ ನಾಲ್ಕು ಹೆಜ್ಜೆ ನಡೆದು ಮೊದಲನೇ ಹೊಂಡಕ್ಕೆ ಬಿದ್ದ. ಮತ್ತೆ ಒತ್ತಿದ, ಮತ್ತೆ ಬಿದ್ದ. ಐದನೆಯ ಸಲ ಹೊಂಡದ ಸಹವಾಸವೇ ಬೇಡವೆಂದು ಹಿಂದಕ್ಕೆ ನಡೆಸಿ ನೋಡಿದ. ಹಿಂದೆ ಗೋಡೆಯಿತ್ತು.

ಪುಟ್ಟರಾಜು: ಮುಂದಿನ್ ಭಾನ್ವಾರ ಊರಿಗೆ ಬತ್ತೀನಿ ಕಣ್ಲಾ. ತಪ್ಪು ನಿಂದಲ್ಲ ಅಂತ ಎಲ್ರ ಮುಂದೂ ಏಳ್ತೀನಿ.

ಮಹದೇವು ಗೆದ್ದವನಂತೆ ನಗಬೇಕಿತ್ತು. ಸುಮ್ಮನೆ ಟವೆಲ್ಲು ಕೊಡವಿದ.

ಮಹದೇವು: ಏನಂತ ಏಳೀಯೆ?

ಪುಟ್ಟರಾಜು: ಇದ್ದದ್ ಇದ್ದಂಗೆ.

ಮಹದೇವು: ಒಬ್ಬ ಎಂಟ್ ದಿನ ಸುಮ್ಸುಮ್ಕೆ ಬಟನ್ ಒತ್ತುದ, ಇನ್ನೊಬ್ಬ ಅದುಕ್ಕೆ ಮೂವತ್ ವರ್ಸ ಬೈಸ್ಕಂಡ ಅಂತ್ಲಾ? ಬಾಯ್ಬಡುಕ ಅಂದ್ಕಂಡಾದ್ರೂ ರಾಗಿ ತತ್ತಾರೆ. ಇದು ಗೊತ್ತಾದ್ರೆ ರಾಗಿ ಬುಟ್ಟು ಬರೀ ನಗಾಕ್ ಬತ್ತಾರೆ. ಬ್ಯಾಡ. ತಪ್ಪು ನಂದೇ ಇರ್ಲಿ. ತಂಗ್ಯಮ್ಮ, ನೀವೂ ಬಾಯ್ಬುಡ್ಬೇಡಿ.

ಶಶಿರೇಖಾ: ನಾನ್ಯಾಕೆ ಹೇಳ್ಲಿ ಅಣ್ಣ. ಈ ಮೊಸಳೇನ ಸಾಕ್ಕೊಂಡಿರೋಳು ನಾನೇ ಅಲ್ವಾ.

ಆ ಎಂಟು ದಿನದಲ್ಲಿ ಒಮ್ಮೆಯೂ ರಿಮೋಟು ಬಿಟ್ಟುಕೊಡದಿದ್ದ ಪುಟ್ಟರಾಜು ಈಗ ಅದನ್ನು ಎರಡೂ ಕೈಯಲ್ಲಿ ಗೆಳೆಯನತ್ತ ಚಾಚಿದ.

ಪುಟ್ಟರಾಜು: ತಕ್ಕಳ್ಲಾ. ನೀನೊಂದ್ಸಲ ಆಡು.

ಮಹದೇವು ಟೀವಿಯ ಕಡೆ ನೋಡಿದ. ಇಷ್ಟು ಹೊತ್ತು ಯಾರೂ ಏನೂ ಒತ್ತದ ಕಾರಣ ಸಿಪಾಯಿ ತನ್ನಷ್ಟಕ್ಕೆ ತಾನೇ ಓಡುತ್ತ, ಮೊಸಳೆಯ ತಲೆಯ ಮೇಲೆ ಹಾಯಾಗಿ ಕಾಲಿಡುತ್ತಿದ್ದ.

ಮಹದೇವು: ಸುಮ್ಕೆ ಮಡಗ್ಲಾ ಅದ. ನಾವ್ ಮುಟ್ದೆ ಇದ್ರೇನೇ ಚೆಂದಾಗ್ ಆಡ್ತದೆ.