ಮೂರನೆಯ ಹಿಮಧಾಮ

ಕೇಂದ್ರ ಸರ್ಕಾರದ ನೌಕರನೊಬ್ಬ ಹೆಂಡತಿ ಮಕ್ಕಳೊಂದಿಗೆ ಹಿಮದ ಮೇಲೆ ಜಾರುವುದು ಅಪರಾಧವಲ್ಲ. ಮಂಜೂರಾತಿ ಇಲ್ಲದೆ ಜಾರುವುದು ಮಾತ್ರ ಅಪರಾಧ. ಅಹಮದಾಬಾದಿನ ಅಖಿಲ ಭಾರತ ನೂಲಿನುಂಡೆ ಪರಿಶೀಲನಾ ಮಂಡಳಿಯ ಹಿರಿಯ ಸಹಾಯಕ ಲಿಂಗರಾಜ ತನ್ನ ಇಪ್ಪತ್ಮೂರು ವರ್ಷಗಳ ಸೇವೆಯಲ್ಲಿ ಮಂಜೂರಾತಿ ಇಲ್ಲದೆ ಬಾಳೆಹಣ್ಣಿನ ಸಿಪ್ಪೆಯ ಮೇಲೂ ಜಾರಿದವನಲ್ಲ.

ಗದುಗಿನಲ್ಲಿ ಹೆಣ್ಣು ನೋಡಲು ಹೋದಾಗ ಅವನು ಇಂದಿರಾಗೆ ಒಂದು ಮಾತು ಕೊಟ್ಟಿದ್ದ: ನಾಲ್ಕು ವರ್ಷಕ್ಕೊಮ್ಮೆ ಸರ್ಕಾರ ತನ್ನ ಖರ್ಚಿನಲ್ಲಿ ನಮ್ಮನ್ನು ಭಾರತದ ಯಾವ ಮೂಲೆಗೆ ಬೇಕಾದರೂ ಕಳಿಸುತ್ತದೆ. ಸರ್ಕಾರ ನಾಲ್ಕು ಸಲ ಕಳಿಸಿತು. ನಾಲ್ಕು ಸಲವೂ ಗದುಗಿನಲ್ಲಿ ಯಾರದಾದರೂ ಮದುವೆ ಇತ್ತು. ಐದನೆಯ ಸಲ ಇಂದಿರಾ, "ಈ ಸಲ ಯಾರ ಲಗ್ನಾ ಇದ್ರೂ ಅವರ ಪಾಡಿಗೆ ಅವರು ಆಗ್ಲಿ. ನಾ ಹಿಮಾ ನೋಡಬೇಕು," ಎಂದಳು. ಡಿಸೆಂಬರ್ ಮೂವತ್ತೊಂದಕ್ಕೆ ಆ ಸಲದ ಪ್ರವಾಸ ಸೌಲಭ್ಯ ರದ್ದಾಗುವುದಿತ್ತು.

ಇಂದಿರಾಗೆ ಗುಲ್ಮಾರ್ಗವೇ ಆಗಬೇಕು. ಎಂಟನೇ ತರಗತಿಯ ಮಗಳು ಪೂರ್ವಿಗೆ ಉತ್ತರಾಖಂಡದ ಔಲಿಯೇ ಆಗಬೇಕು. ಅವಳ ಕ್ಲಾಸಿನ ಮೂವರು ಅಲ್ಲಿ ಹಿಮದಲ್ಲಿ ಜಾರಿ ಬಿದ್ದು ಬಂದಿದ್ದರು. ಸ್ಯಾಟಲೈಟ್ ಬಡಾವಣೆಯ ಆ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇಪ್ಪತ್ತು ದಿನ ತಾಯಿ ಮಗಳು ಮಾತು ಬಿಟ್ಟರು. ಯಾರ ಪರ ನಿಂತರೂ ಊಟ ಕಷ್ಟವೆಂದು ಅರಿತ ಲಿಂಗರಾಜ, ತೀರ್ಮಾನ ಮಾಡಲಾಗದವರೆಲ್ಲ ಏನು ಮಾಡುತ್ತಾರೋ ಅದನ್ನೇ ಮಾಡಿದ. ಫೈಲು ಮೇಲಕ್ಕೆ ಕಳಿಸಿದ. "ಗುಲ್ಮಾರ್ಗ ಅಥವಾ ಔಲಿ, ಮೇಲಧಿಕಾರಿಗಳು ಸೂಕ್ತವೆಂದು ಕಂಡಂತೆ."

ಆಡಳಿತಾಧಿಕಾರಿ ಹೇಮಲತಾ ಮೇಡಂ ತುಮಕೂರಿನವರು. ಫೈಲು ತೆರೆದು ಕನ್ನಡಕ ತೆಗೆದರು.

"ಲಿಂಗರಾಜ್ ಅವರೇ, ಆಯ್ಕೆ ಅಂದ್ಮೇಲೆ ಕನಿಷ್ಠ ಮೂರು ಇರಬೇಕು. ಮೂರರಲ್ಲಿ ಒಂದು ಸ್ಥಳೀಯವಾಗಿರತಕ್ಕದ್ದು."

"ಗುಜರಾತದಾಗ ಹಿಮಾ ಎಲ್ಲಿಂದ ತರ್ಲಿ ಮೇಡಂ?"

"ಅದು ನಿಮ್ಮ ವೈಯಕ್ತಿಕ ವಿಷಯ. ನಾನು ತಲೆ ಹಾಕೋ ಹಾಗಿಲ್ಲ."

ಮಂಡಳಿಯ ವಡೋದರಾ ಶಾಖೆಯ ಕ್ಯಾಂಟೀನಿಗೆ ಐಸ್‌ಕ್ರೀಮ್ ಕೊಡುತ್ತಿದ್ದ ಅಮೃತ್‌ಭಾಯಿ ಎಂಬುವವರಿಗೆ ಅದೇ ಊರಿನ ಮಕರಪುರದಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಇತ್ತು. ಲೆಕ್ಕಕ್ಕೆ ಮೂರನೆಯದೊಂದು ಕಾಗದ ಬೇಕಿದೆ ಎಂದು ಲಿಂಗರಾಜ ಫೋನಿನಲ್ಲಿ ಸಂಕೋಚದಿಂದ ಹೇಳಿದ. "ಚಿಂತಾ ನಾ ಕರೋ ಸಾಹೇಬ್," ಎಂದರು ಅಮೃತ್‌ಭಾಯಿ. ಸಂಜೆಯೊಳಗೆ 'ಅಮೃತ್ ಹಿಮ ವಿಹಾರ, ಮಕರಪುರ' ಎಂಬ ಹೆಸರಿನ ಲೆಟರ್‌ಹೆಡ್ ಬಂತು. ಅದರ ಮೂಲೆಯಲ್ಲಿ ಒಂದು ಪೆಂಗ್ವಿನ್ ನಮಸ್ಕಾರ ಮಾಡುತ್ತಿತ್ತು.

ಮೂರೂ ಕಡೆಗೆ ಪ್ರಶ್ನಾವಳಿ ಹೋಯಿತು. ಮೊದಲ ಪ್ರಶ್ನೆ: ಪ್ರವಾಸದ ದಿನದಂದು ಹಿಮವಿರುವುದಕ್ಕೆ ಖಾತ್ರಿ ಏನು? ಗುಲ್ಮಾರ್ಗದ ಹೋಟೆಲಿನವನು "ಮೇಲಿನವನ ಇಚ್ಛೆ" ಎಂದು ಬರೆದ. ಆ ಮೇಲಿನವನ ಹುದ್ದೆ ಮತ್ತು ಸಹಿ ಇಲ್ಲದ್ದರಿಂದ ಉತ್ತರ ತಿರಸ್ಕೃತವಾಯಿತು. ಔಲಿಯವನು "ಸಾಮಾನ್ಯವಾಗಿ ಇರುತ್ತದೆ" ಎಂದ. ಸಾಮಾನ್ಯ ಎಂಬ ಪದಕ್ಕೆ ನಿಯಮಾವಳಿಯಲ್ಲಿ ವ್ಯಾಖ್ಯೆ ಇರಲಿಲ್ಲ. ಅಮೃತ್‌ಭಾಯಿ ಬರೆದದ್ದು ಇಷ್ಟೇ: "ಮೈನಸ್ ಹದಿನೆಂಟು. ಹನ್ನೆರಡೂ ತಿಂಗಳು. ಕರೆಂಟ್ ಹೋದರೆ ಜನರೇಟರ್."

ಎತ್ತರದ ಜಾಗದಲ್ಲಿ ನೌಕರನಿಗೆ ಉಸಿರು ಕಟ್ಟಬಹುದೆಂದು ಮಿಕ್ಕ ಎರಡಕ್ಕೂ ಅಂಕ ಕಡಿತವಾಯಿತು. ಮಕರಪುರದಲ್ಲಿ ಅಂಥ ಎತ್ತರವೇ ಇಲ್ಲದ್ದರಿಂದ ಪೂರ್ಣ ಅಂಕ. ಪರ್ವತದ ನೋಟವಿಲ್ಲವೆಂದು ಎರಡಂಕ ಹೋಗಿತ್ತು; ಅಮೃತ್‌ಭಾಯಿ ಗೋಡೆಗೆ ಹಿಮಾಲಯದ ಕ್ಯಾಲೆಂಡರ್ ತೂಗುಹಾಕಿ ಫೋಟೊ ಕಳಿಸಿದ ಮೇಲೆ ಒಂದು ವಾಪಸ್ ಬಂತು.

ಆದೇಶ ಹೊರಟಿತು: "ಶ್ರೀ ಲಿಂಗರಾಜ ಇವರು ಕುಟುಂಬಸಮೇತ ಮಕರಪುರ ಹಿಮಧಾಮಕ್ಕೆ ತೆರಳಿ, ಒಂದು ದಿನದ ಮಟ್ಟಿಗೆ ಜಾರಿ, ಆನಂದಿಸಿ, ವರದಿ ಸಲ್ಲಿಸತಕ್ಕದ್ದು. ಆನಂದಿಸಲು ತಪ್ಪಿದಲ್ಲಿ ಸೌಲಭ್ಯವನ್ನು ಬಳಸಿ ಮುಗಿಸಿದಂತೆಯೇ ಪರಿಗಣಿಸಲಾಗುವುದು."

ಮನೆಗೆ ಬಂದ ಲಿಂಗರಾಜ ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತ. ಇಂದಿರಾ ಆದೇಶವನ್ನು ಕಿತ್ತುಕೊಂಡು ಓದಿದಳು.

"ರೀ, ಮಕರಪುರ ಅಂದ್ರ ನಿಮ್ಮ ಅಮೃತ್‌ಭಾಯಿ ಬಟಾಣಿ ತುಂಬಿಡೋ ಗೋದಾಮಲ್ಲೇನ್ರಿ?"

"ಗೋದಾಮಲ್ಲ. ಆದೇಶದಾಗ ಹಿಮಧಾಮ ಅಂತ ಐತಿ."

ಇಂದಿರಾ ಸೊಂಟಕ್ಕೆ ಕೈಯಿಟ್ಟಳು. ಮದುವೆಯಾದಂದಿನಿಂದ ಕೂಡಿಟ್ಟ ಹದಿನೆಂಟು ವರ್ಷದ ಸಿಟ್ಟು ಈಗ ಹೊರಬಿತ್ತೆಂದೇ ಅವನು ತಿಳಿದ. ಆದರೆ ಅವಳು ಕಪಾಟಿನಿಂದ ಹಿಮಕ್ಕೆಂದೇ ಕೊಂಡಿಟ್ಟ ಹೊಸ ಸ್ವೆಟರುಗಳನ್ನು ತೆಗೆದು ಚೀಲಕ್ಕೆ ತುರುಕಿದಳು. "ನಡೀರಿ. ಇವನ್ನ ಅಹಮದಾಬಾದಿನಾಗ ಹಾಕ್ಕೊಂಡು ಅಡ್ಡಾಡಾಕ ಬರೂದಿಲ್ಲ." ತಾಯಿಗೂ ಮಗಳಿಗೂ ಸಮಾನ ಶತ್ರು ಸಿಕ್ಕಿದ್ದರಿಂದ ಅವರಿಬ್ಬರ ಮಾತು ಅಂದೇ ಶುರುವಾಯಿತು.

ಡಿಸೆಂಬರ್ ಮೂವತ್ತರಂದು ಬೆಳಗಿನ ರೈಲಿಗೆ ವಡೋದರಾ. ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಅಮೃತ್‌ಭಾಯಿ ಚೆಂಡುಹೂವಿನ ಹಾರ ಹಾಕಿ, ಮೊಣಕಾಲಿನವರೆಗೆ ಬರುವ ಕೋಟು ತೊಡಿಸಿ ಒಳಗೆ ಕರೆದೊಯ್ದರು. ಟ್ರಾಲಿ ಇಳಿಸುವ ಇಳಿಜಾರಿನ ಮೇಲೆ ತಂಪುಯಂತ್ರದ ಕೊಳವೆಗಳಿಂದ ಕೆರೆದ ಮಂಜನ್ನು ಹದವಾಗಿ ಹಾಸಿದ್ದರು. ಪೆಟ್ಟಿಗೆಯ ಹಲಗೆಗೆ ಹಳೆಯ ಬೆಲ್ಟು ಬಡಿದು ಕಾಲಿಗೆ ಕಟ್ಟಲು ಕೊಟ್ಟರು.

ಪೂರ್ವಿ ಮೊದಲು ಜಾರಿದಳು. "ಪಪ್ಪಾ, ಮಸ್ತ್ ಛೆ! ಒನ್ಸ್ ಮೋರ್!"

ಇಂದಿರಾ ಮೂಗು ಮುರಿದಳು. ಮಗಳು ಮೂರು ಸಲ ಜಾರಿದ ಮೇಲೆ ಸೀರೆ ಎತ್ತಿ ಕಟ್ಟಿ, ಹಲಗೆ ಬೇಡವೆಂದು ಒಂದು ಪ್ಲಾಸ್ಟಿಕ್ ಕ್ರೇಟಿನಲ್ಲಿ ಕೂತಳು. "ಹಿಡ್ಕೋರಿ," ಎಂದಳು. ಲಿಂಗರಾಜ ಹಿಡಿಯುವುದಕ್ಕೂ ನೂಕುವುದಕ್ಕೂ ನಡುವೆ ಏನೋ ಒಂದು ಮಾಡಿದ. ಕ್ರೇಟು ಬಾಣದಂತೆ ಇಳಿಯಿತು. "ಎಪ್ಪಾ!" ಎಂದು ಶುರುವಾದ ಕೂಗು ಅರ್ಧ ದಾರಿಯಲ್ಲಿ ನಗೆಯಾಯಿತು. ಕ್ರೇಟು ಕೆಳಗಿನ ಮೂಟೆಗಳ ಸಾಲಿಗೆ ಗುದ್ದಿತು. ಮೇಲಿನ ಮೂಟೆಗಳು ಉರುಳಿ, ಒಡೆದು, ಹೆಪ್ಪುಗಟ್ಟಿದ ಬಟಾಣಿ ಗೋಲಿಗಳಂತೆ ಚೆಲ್ಲಿತು. ಬಿಡಿಸಲು ಓಡಿದ ಲಿಂಗರಾಜನ ಕಾಲೂ ಜಾರಿತು. ಅವನು ಹೋಗಿ ಹೆಂಡತಿಯ ಪಕ್ಕದಲ್ಲೇ ಎದೆಮಟ್ಟ ಬಟಾಣಿಯಲ್ಲಿ ಹೂತು ನಿಂತ. ಇಂದಿರಾ ತಲೆಯಿಂದ ಬಟಾಣಿ ಸುರಿಸುತ್ತ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅವಳು ಹೀಗೆ ನಗಬಲ್ಲಳೆಂಬುದು ಅವನ ದಾಖಲೆಯಲ್ಲೇ ಇರಲಿಲ್ಲ.

ನಮೂನೆಯಲ್ಲಿ ಬಟಾಣಿಗೆ ಕಾಲಂ ಇಲ್ಲದ್ದರಿಂದ ವರದಿಯಲ್ಲಿ ಇದನ್ನು 'ಹಿಮಪಾತ' ಎಂದು ನಮೂದಿಸಲಾಯಿತು. ದೆಹಲಿಯ ಮೇಲಧಿಕಾರಿಗಳಿಗೆ ಬಹಳ ಸಂತೋಷವಾಯಿತು. ಮಕರಪುರವು ಅಹಮದಾಬಾದು, ವಡೋದರಾ, ಸೂರತ್ ಮೂರೂ ಶಾಖೆಗಳಿಗೆ ಮಾನ್ಯತೆ ಪಡೆದ ಹಿಮಧಾಮವೆಂದು ಸುತ್ತೋಲೆ ಬಂತು. ತಮ್ಮ ಊರಿನಲ್ಲೇ ಏನೂ ಇಲ್ಲವೆಂದು ಸೂರತ್ ಶಾಖೆ ಮುನಿಸಿಕೊಂಡದ್ದಕ್ಕೆ, ಅಲ್ಲಿನ ಪಾಂಡೇಸರಾದ, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನ ಹಂಡೆಯನ್ನು 'ಬಿಸಿನೀರಿನ ಬುಗ್ಗೆ' ಎಂದು ಘೋಷಿಸಲಾಯಿತು. ಅಲ್ಲಿ ಮಿಂದು ಬಂದವರು ವಾರಗಟ್ಟಲೆ ನಸುಗುಲಾಬಿಯಾಗಿದ್ದರು. ಮೈಬಣ್ಣವೇ ಪ್ರವಾಸದ ಪುರಾವೆಯಾದ್ದರಿಂದ ಅವರ ಬಿಲ್ಲುಗಳು ಬೇಗ ಪಾಸಾದವು. ಮಕರಪುರಕ್ಕೆ ಮಾರ್ಚ್‌ವರೆಗೆ ಸರದಿ ತುಂಬಿತು. ಹೇಮಲತಾ ಮೇಡಂಗೆ ನಲವತ್ತೊಂದನೆಯ ನಂಬರು. ಅವರು ಉಲ್ಲನ್ ಟೋಪಿ ಹೆಣೆಯಲು ಆಫೀಸಿನಲ್ಲೇ ಕೂತರು.

ಜನವರಿಯಲ್ಲಿ ಗದುಗಿನಿಂದ ಇಂದಿರಾಳ ಅಕ್ಕ ರತ್ನಮ್ಮ ಫೋನು ಮಾಡಿದಳು.

"ಹಿಮಾ ನೋಡಿ ಬಂದೀ ಅಂತಲ್ಲವ್ವಾ, ಹೆಂಗಿತ್ತು?"

"ಹಸರಿತ್ತಕ್ಕಾ," ಎಂದಳು ಇಂದಿರಾ. "ದುಂಡಗ, ಹಸರಗ. ಒಗ್ಗರಣಿ ಹಾಕಿದ್ರ ಪಲ್ಯಾನೂ ಆಕ್ಕೈತಿ. ಎರಡು ಕಿಲೋ ತಂದೀನಿ."

"ಸಿನಿಮಾದಾಗ ಬೆಳ್ಳಗ ತೋರಸ್ತಾರಲ್ಲ?"

"ಅದು ಸಿನಿಮಾ ಅಕ್ಕಾ. ಇದು ಸರ್ಕಾರದ್ದು."

"ಹಂಗಾರ ಇದ ಖರೇ ಇರಬೇಕು ಬಿಡು," ಎಂದಳು ರತ್ನಮ್ಮ.