ಕೆಂಪು ಮುಚ್ಚಳ, ನೀಲಿ ಮುಚ್ಚಳ

ಬೆಳಿಗ್ಗೆ ಹತ್ತಕ್ಕೆ ಬಿಟಿಎಂ ಲೇಔಟಿನ ಆ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಲ್ಯಾಬಿನ ಫ್ರಿಜ್ಜುಗಳೆಲ್ಲ ಒಟ್ಟಿಗೇ ಸುಮ್ಮನಾದವು. ಜನರೇಟರಿನಲ್ಲಿ ಡೀಸೆಲ್ ಇಲ್ಲವೆಂಬುದು ಅದನ್ನು ಶುರುಮಾಡಲು ಹೋದಾಗಲೇ ಗೊತ್ತಾಯಿತು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಚನ್ನವೀರನ ಎರಡು ವರ್ಷದ ದುಡಿಮೆ ಎರಡು ಪುಟ್ಟ ಟ್ಯೂಬುಗಳಲ್ಲಿತ್ತು. ಅವು ಬೆಚ್ಚಗಾದರೆ ಕತೆ ಮುಗಿಯಿತು.

ಟ್ಯೂಬಿನಲ್ಲಿದ್ದದ್ದು ಮನುಷ್ಯನ ಹೃದಯದ ಸ್ನಾಯುವಿನ ಪ್ರೋಟೀನು. ವಂಶಪಾರಂಪರ್ಯವಾಗಿ ಹೃದ್ರೋಗವಿದ್ದ ಮನೆತನವೊಂದರ ಕೆಟ್ಟ ಜೀನನ್ನು ಇಲಿಯ ಸ್ನಾಯುಕೋಶಗಳಿಗೆ ಸೇರಿಸಿ, ಆ ಕೋಶಗಳನ್ನು ಬಾಣಂತಿಯಂತೆ ಆರೈಕೆ ಮಾಡಿ, ಅವು ತಯಾರಿಸಿಕೊಟ್ಟ ದೋಷದ ಪ್ರೋಟೀನನ್ನು ಕೆಂಪು ಮುಚ್ಚಳದ ಟ್ಯೂಬಿಗೆ ತುಂಬಿದ್ದ. ಹೋಲಿಕೆಗೆಂದು ಅದೇ ತಾಲೂಕಿನ ಆರೋಗ್ಯವಂತನೊಬ್ಬನ ರಕ್ತದಿಂದ ತೆಗೆದ ಜೀನಿನಿಂದ ಮಾಡಿದ ಪ್ರೋಟೀನು ನೀಲಿ ಮುಚ್ಚಳದ್ದರಲ್ಲಿತ್ತು. ಮೂರು ಗಂಟೆಗೆ ಜಯನಗರದ ಇನ್ನೊಂದು ಸಂಸ್ಥೆಯ ಯಂತ್ರದಲ್ಲಿ ಎರಡನ್ನೂ ಅಳೆಯಬೇಕು. ವ್ಯತ್ಯಾಸ ಕಂಡರೆ ಫೆಲೋಶಿಪ್ ಮುಂದುವರಿಯುತ್ತದೆ, ಕಾಣದಿದ್ದರೆ ಊರಿಗೆ ಹೊರಡಬಹುದು ಎಂದು ಅವನ ಗೈಡ್ ಮೇಡಂ ಉಮಾಶ್ರೀ ತಿಂಗಳ ಹಿಂದೆಯೇ ಹೇಳಿದ್ದರು.

ಚನ್ನವೀರ ಥರ್ಮೋಕೋಲ್ ಡಬ್ಬಿ ಎದೆಗವಚಿಕೊಂಡು ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಗೆ ಓಡಿದ. ಕೆಳಗಿನ ಮನೆಯ ಓನರ್ ಅಂಜನಮ್ಮನ ಹತ್ತಿರ ಫ್ರಿಜ್ಜಿತ್ತು. ಒಳಗೇನಿದೆ ಎಂದು ಆಕೆ ಕೇಳಿದರು. ಸುಳ್ಳು ಹೇಳಲು ಬಾರದ ಈತ ಹಾರ್ಟಿನದು ಎಂದುಬಿಟ್ಟ. ಶುಕ್ರವಾರ ಬೇರೆ. ಆಕೆ ಫ್ರಿಜ್ಜಿಗೆ ಅಡ್ಡ ನಿಂತರು. ಹೆದರಬೇಡಿ, ಮನುಷ್ಯರಿಂದ ತೆಗೆದದ್ದಲ್ಲ, ಇಲಿಯ ಕೋಶದಲ್ಲಿ ಬೆಳೆದದ್ದು ಎಂದು ಇವನು ಸಮಾಧಾನ ಹೇಳಿದ ಮೇಲಂತೂ ದೋಸೆಹಿಟ್ಟಿನ ಪಾತ್ರೆಯನ್ನೇ ಹೊರಗೆತ್ತಿಕೊಂಡರು.

ಆಗ ಎದುರುಮನೆಯ ಗಂಗಯ್ಯ ನಡುವೆ ಬಂದರು. ರಿಟೈರಾದ ಬಸ್ ಕಂಡಕ್ಟರ್. ಬೀದಿಯಲ್ಲಿ ಯಾರದೇ ಜಗಳವಾದರೂ ಹತ್ತಿ ಇಳಿಯುವ ಅಭ್ಯಾಸ ಬಿಟ್ಟಿರಲಿಲ್ಲ. ಹುಡುಗ ಹಾರ್ಟ್ ಡಾಕ್ಟ್ರು, ಜಾಗ ಕೊಡಿ ಎಂದು ಅಂಜನಮ್ಮನನ್ನು ಒಪ್ಪಿಸಿದರು. ತಾನು ಡಾಕ್ಟರಲ್ಲ ಎಂದು ಚನ್ನವೀರ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

“ನಾಳೆ ಜಯನಗರದಲ್ಲಿ ನಂದು ಇಸಿಜಿ ಇದೆ. ಬೆಳಿಗ್ಗೆ ಆರಕ್ಕೇ ಹೋಗಿ ಟೋಕನ್ ತಗೋಬೇಕು. ನೀನು ಜೊತೆಗೆ ಬಂದ್ರೆ ಧೈರ್ಯ ಕಣಪ್ಪ,” ಎಂದರು ಗಂಗಯ್ಯ. “ನಿಮ್ಮನೇಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಮ್ ಇತ್ತಾ?”

“ಇಲ್ರಿ ಅಂಕಲ್. ನಮ್ಮಪ್ಪ, ನಮ್ಮ ಕಾಕಾ ಇಬ್ರೂ ಬಿಸಿಲು ಬಡದು ಹೋದ್ರು. ಹೊಲದಾಗ ನಿಂತಲ್ಲೇ ಬಿದ್ರು.” ನಾಳೆ ಪುರುಸೊತ್ತಿಲ್ಲ ಎಂದೂ ಹೇಳಿ ಚನ್ನವೀರ ಮೇಲೆ ಹೋದ.

ಎರಡು ಗಂಟೆಗೆ ಬಂದು ನೋಡಿದರೆ ಟ್ಯೂಬುಗಳಿಲ್ಲ. ಇಲಿಯ ವಿಚಾರ ಮನಸ್ಸಿನಿಂದ ಹೋಗದೆ ಅಂಜನಮ್ಮ ಅವನ್ನು ಗಂಗಯ್ಯನ ಫ್ರಿಜ್ಜಿಗೆ ಸಾಗಿಸಿದ್ದರು. ಗಂಗಯ್ಯ ಮನೆಗೆ ಬೀಗ ಹಾಕಿಕೊಂಡು ಹೋಗಿದ್ದರು. ಬಿಸಿಲಲ್ಲಿ ಮೂರು ದರ್ಶಿನಿ ಹೋಟೆಲು, ಒಂದು ಪಾರ್ಕು ಹುಡುಕಿದ ಮೇಲೆ ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡದಲ್ಲಿ ಸಿಕ್ಕರು. ಹಳೆಯ ಇಸಿಜಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ಆಸಾಮಿ. ಚನ್ನವೀರ ಅದನ್ನು ನೋಡಿ ತಲೆಯಾಡಿಸಿದ ಮೇಲೆಯೇ ಬೀಗದ ಕೈ ಕೊಟ್ಟರು. ಓಡಿಬಂದ ಚನ್ನವೀರ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಗೆ ಹೀಗಾಗಿದೆ ಅಂದುಕೊಂಡ.

ಟ್ಯೂಬುಗಳು ತಣ್ಣಗಿದ್ದವು. ಆಟೋ ಹಿಡಿದು ಮೂರಕ್ಕೆ ಎರಡು ನಿಮಿಷವಿರುವಾಗ ಯಂತ್ರದ ಮುಂದೆ ನಿಂತ. ಗೆದ್ದೆ ಅನಿಸಿತು ಪಾಪ.

ನಾಲ್ಕೂವರೆಗೆ ಪರದೆಯ ಮೇಲೆ ಎರಡು ಗೆರೆ ಮೂಡಿದವು. ಒಂದರ ಮೇಲೊಂದು ಕೂತು ಒಂದೇ ಗೆರೆಯಂತೆ ಕಂಡವು. ಕೆಂಪಿಗೂ ನೀಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಎರಡರಲ್ಲೂ ಒಂದನ್ನೇ ತುಂಬಿದ್ದೀರಿ ಎಂದರು ಫಲಿತಾಂಶ ನೋಡಲು ಬಂದಿದ್ದ ಉಮಾಶ್ರೀ. ಇಲ್ಲ ಎಂದು ಚನ್ನವೀರ ಆಣೆ ಮಾಡಿದ. ಎಲ್ಲಿಟ್ಟಿದ್ದಿರಿ ಎಂದು ಕೇಳಿದಾಗ ದೋಸೆಹಿಟ್ಟಿನಿಂದ ಕಟಿಂಗ್ ಶಾಪಿನವರೆಗೆ ಒಪ್ಪಿಸಬೇಕಾಯಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚನ್ನವೀರ ಮನಸ್ಸಿನಲ್ಲೇ ಊರಿನ ಬಸ್ಸು ಹತ್ತಿದ.

ಕೊನೆಯದಾಗಿ ಎರಡೂ ಜೀನುಗಳ ಡಿಎನ್‌ಎ ಅಕ್ಷರಗಳನ್ನು ಓದಿಸಿದ ರಿಪೋರ್ಟು ತೆಗೆಯಲು ಹೇಳಿದರು. ಕೆಂಪಿನದನ್ನು ಅವನು ನೂರು ಸಲ ನೋಡಿದ್ದ. ನೀಲಿಯದು ಮೇಲ್‌ನಲ್ಲಿ ಬಂದು ನಾಲ್ಕು ತಿಂಗಳಾದರೂ ತೆರೆದಿರಲಿಲ್ಲ. ಸರಿಯಾಗಿರುವುದನ್ನು ಪರೀಕ್ಷಿಸುವುದೇನು ಎಂದು ಬಿಟ್ಟಿದ್ದ. ಈಗ ತೆರೆದ. ಕೆಂಪಿನಲ್ಲಿ ಯಾವ ಅಕ್ಷರ ತಪ್ಪಿತ್ತೋ ನೀಲಿಯಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು.

“ಹಾಗಾದ್ರೆ ನೀವು ಎರಡಕ್ಕೂ ಒಂದನ್ನೇ ತುಂಬಿಲ್ಲ,” ಎಂದರು ಉಮಾಶ್ರೀ. ಎರಡು ವರ್ಷದಲ್ಲಿ ಅವನ ಕೆಲಸದಲ್ಲಿ ತಪ್ಪಿಲ್ಲವೆಂದು ಅವರು ಹೇಳಿದ್ದು ಇದೇ ಮೊದಲು. “ನೀಲಿಗೆ ರಕ್ತ ಕೊಟ್ಟವರ ಜೀನೇ ಸರಿಯಿಲ್ಲ. ಪಾಪ, ಅವರಿಗೆ ಗೊತ್ತಿದ್ಯೋ ಇಲ್ವೋ. ಯಾರವರು?”

ಲ್ಯಾಬಿನ ರಿಜಿಸ್ಟರಿನಲ್ಲಿ ಅವನದೇ ಅಕ್ಷರದಲ್ಲಿ ‘ಆರೋಗ್ಯವಂತ ಯುವಕ, ವಯಸ್ಸು ೨೭’ ಎಂದಿತ್ತು. ರಕ್ತ ಕೊಡಲು ಬರುತ್ತೇನೆಂದಿದ್ದವನು ಕೈಕೊಟ್ಟ ದಿನ, ಒಂದು ದಿನ ಯಾಕೆ ಹಾಳಾಗಬೇಕೆಂದು ಚನ್ನವೀರ ತನ್ನ ತೋಳನ್ನೇ ಚಾಚಿದ್ದ. ಅಪ್ಪನಿಗೂ ಕಾಕಾನಿಗೂ ಬಡಿದದ್ದು ಬಿಸಿಲಲ್ಲ ಎಂಬುದು ಆ ಎಸಿ ಕೋಣೆಯಲ್ಲಿ ಅವನಿಗೆ ತಿಳಿಯಿತು. ಹೊರಬಂದು ಫೋನು ತೆಗೆದ.

“ಗಂಗಯ್ಯ ಅಂಕಲ್, ನಾಳೆ ನಿಮ್ಮ ಜೋಡಿ ನಾನೂ ಬರ್ತೀನ್ರಿ,” ಎಂದ. “ಟೋಕನ್ ಮಾತ್ರ ಎರಡು ತಗೋಬೇಕ್ರಿ.”