ಎಕ್ಸ್‌ರೇ ಹಿಡಿದು ಮನಸ್ಸಿನ ಡಾಕ್ಟರ ಹತ್ತಿರ

ಮನಸ್ಸಿನ ಡಾಕ್ಟರ ಹತ್ತಿರ ಹೋಗುವ ಮೊದಲು ಏನೇನು ತಿಳಿದಿರಬೇಕು ಎಂಬುದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ನಾನು ಬರಿಹೊಟ್ಟೆಯಲ್ಲಿ ಹೋಗುತ್ತಿರಲಿಲ್ಲ. ಡಾಕ್ಟರೆಂದ ಮೇಲೆ ರಕ್ತ ತೆಗೆಯುತ್ತಾರೆ, ರಕ್ತ ತೆಗೆಯುವುದಾದರೆ ಉಣ್ಣದೆ ಹೋಗಬೇಕು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳಾದರೂ ದವಾಖಾನೆಯ ವಿಷಯದಲ್ಲಿ ನಾನು ಬಹಳ ಓದಿಕೊಂಡವಳು. ಸಕ್ಕರೆ ಕಾಯಿಲೆಯ ಚೀಟಿ, ಬಿಪಿಯ ಚೀಟಿ, ಮೊಣಕಾಲಿನ ಎಕ್ಸ್‌ರೇ, ಎಲ್ಲವನ್ನೂ ಸೀರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಜಮಖಂಡಿಯ ಬಸ್ಸು ಹತ್ತಿದೆ.

ಹೋಗಬೇಕಾದ ಕಾರಣ ಹೇಳಲು ನಾಚಿಕೆಯೇನಿಲ್ಲ. ನಮ್ಮದು ಬನಹಟ್ಟಿಯಲ್ಲಿ ಮಗ್ಗದ ಮನೆ. ನಾನು ಮದುವೆಯಾಗಿ ಬಂದಾಗಿನಿಂದ ನಡುಮನೆಯಲ್ಲಿ ನಾಲ್ಕು ಪವರ್‌ಲೂಮು ಬಡಿಯುತ್ತಿದ್ದವು. ಅಂಥ ಮನೆಯಲ್ಲಿ ಮಾತು ಎರಡು ಬಗೆ. ಕೇಳಬೇಕಾದ ಮಾತನ್ನು ಒದರಿ ಹೇಳಬೇಕು. ಕೇಳಬಾರದ ಮಾತನ್ನು ಸಾದಾ ಧ್ವನಿಯಲ್ಲಿ ಹೇಳಿದರೆ ಸಾಕು, ದೇವರಿಗೂ ಕೇಳಿಸುವುದಿಲ್ಲ. ಕಂಡಿಕೆಗೆ ನೂಲು ಸುತ್ತುತ್ತ ಕುಳಿತು ನಲವತ್ತು ವರ್ಷ ಬಾಯಿಗೆ ಬಂದದ್ದನ್ನೆಲ್ಲ ಆಡಿದ್ದೇನೆ. ಅತ್ತೆಯನ್ನು ಅತ್ತೆಯ ಮುಂದೆಯೇ ಬೈದಿದ್ದೇನೆ. ಗಂಡನನ್ನು ಬೈದರೆ ಅವರು ನಗುತ್ತ ತಲೆಯಾಡಿಸುತ್ತಿದ್ದರು. ಸಾಯುವ ತನಕ ನನ್ನನ್ನು ಸೌಮ್ಯ ಹೆಂಗಸು ಎಂದೇ ನಂಬಿದ್ದರು, ಪಾಪ.

ಹೋದ ವರ್ಷ ಮಗ ಮಗ್ಗಗಳನ್ನೆಲ್ಲ ಊರ ಹೊರಗಿನ ಶೆಡ್ಡಿಗೆ ಸಾಗಿಸಿದ. ಮನೆ ತಣ್ಣಗಾಯಿತು. ಆದರೆ ಆ ಸುದ್ದಿ ನನ್ನ ಬಾಯಿಗೆ ಮುಟ್ಟಲಿಲ್ಲ. ಒಂದು ಮುಂಜಾನೆ ಸೊಸೆ ಗಿರಿಜಾ ತಾಟಿಗೆ ರೊಟ್ಟಿ ಹಾಕಿ ತಿರುಗಿದಳು. ರೊಟ್ಟಿಯ ಅಂಚು ಸ್ವಲ್ಪ ಸೀದಿತ್ತು. ನಾನು ಎಂದಿನ ಸಾದಾ ಧ್ವನಿಯಲ್ಲಿ, "ಲೋಕಾಪುರದಾವ್ರು ಮಗಳನ್ನ ಕೊಟ್ಟಿಲ್ಲ, ಪೀಡಾ ದಾಟಿಸ್ಯಾರ" ಅಂದೆ. ಲೋಕಾಪುರ ಅವಳ ತವರು. ಅವಳು ನಿಂತಲ್ಲೇ ನಿಂತಳು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಅವಳು ಮಾತನ್ನೇ ಬಿಟ್ಟಳು.

ಹನ್ನೆರಡು ದಿನ. ಹೊತ್ತಿಗೆ ಸರಿಯಾಗಿ ಚಹಾ, ರೊಟ್ಟಿ, ಗುಳಿಗೆ, ಎಲ್ಲ ಬರುತ್ತಿದ್ದವು, ಮಾತೊಂದು ಬಿಟ್ಟು. ನಾನು ಗೇಣು ದೂರದಲ್ಲಿ ಕುಳಿತಿದ್ದರೂ ತನ್ನ ಮಗಳನ್ನು ಕರೆದು, "ವಿದ್ಯಾ, ನಿಮ್ಮ ಆಯಿಗೆ ಕೇಳು, ಪಲ್ಯಾ ಹಾಕ್ಲೇನು?" ಅನ್ನುವಳು. "ಬ್ಯಾಡಂತ ನಿಮ್ಮವ್ವಗ ಹೇಳು" ಅನ್ನುವೆ ನಾನು. ಬೇಕಾಗಿರುತ್ತಿತ್ತು. ನಾಳೆ ನನ್ನ ಬಾಯಿಗೆ ಕೊನೆಯ ನೀರು ಬಿಡುವವಳು ಅವಳೇ. ಆಗಲೂ ಹೀಗೆ ಮುಖ ತಿರುಗಿಸಿಕೊಂಡು ಬಿಟ್ಟರೆ ನೀರು ಬಾಯಿಗೆ ಬೀಳುತ್ತದೋ ಕಿವಿಗೋ ಎಂದು ಯೋಚನೆಯಾಯಿತು.

ಕೊನೆಗೆ ಮೊಮ್ಮಗಳೇ ಬೇಸತ್ತು, "ಆಯಿ, ನಿನಗ ಕೌನ್ಸೆಲಿಂಗ್ ಬೇಕು" ಅಂದಳು.

"ನನಗ್ಯಾಕಲೇ? ಮಾತು ಬಿಟ್ಟಾಕಿ ನಿಮ್ಮವ್ವ."

"ಬಾಯಿ ಬಿಟ್ಟಾಕಿ ನೀನಲ್ಲಾ?"

ಕಾಲೇಜು ಕಲಿತವರ ಜೊತೆ ವಾದ ಮಾಡಬಾರದು. ಅವಳೇ ಫೋನು ಮಾಡಿ ಹೆಸರು ಬರೆಸಿದಳು. ಅವಳಿಗೆ ಪರೀಕ್ಷೆ ಇದ್ದುದರಿಂದ ಜೊತೆಗೆ ಬಂದವಳು ಗಿರಿಜಾ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕುಳಿತಳು. ಬನಹಟ್ಟಿಯಿಂದ ಜಮಖಂಡಿಯ ತನಕ ಅವಳ ತುರುಬು ನೋಡಿಕೊಂಡು ಹೋದೆ.

ಔಷಧದ ಅಂಗಡಿಯ ಮೇಲೊಂದು ಕೋಣೆ. ಡಾಕ್ಟರಮ್ಮ ನನ್ನ ಮೊಮ್ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿದ್ದಾಳು. ನಾನು ಚೀಲ ಬಿಚ್ಚಿ ಎಕ್ಸ್‌ರೇ ಮುಂದಿಟ್ಟೆ.

"ಇದು ಬೇಕಾಗೂದಿಲ್ರಿ ಅಜ್ಜಿ."

"ಮತ್ತ ಒಳಗೇನೈತಿ ಅನ್ನೂದು ಹೆಂಗ ನೋಡ್ತೀರಿ?"

"ನೀವ ಹೇಳಬೇಕ್ರಿ."

"ನಾ ಸುಳ್ಳ ಹೇಳಿದ್ರ?"

"ಹೇಳ್ರಿ. ಅದನ್ನೂ ಕೇಳ್ತೀನಿ."

ಇಂಥ ಡಾಕ್ಟರನ್ನು ನಾನು ಕಂಡಿರಲಿಲ್ಲ. ಸೂಜಿ ಇಲ್ಲ, ಗುಳಿಗೆ ಇಲ್ಲ, ನಾಲಿಗೆ ಹೊರಗೆ ತೆಗೆ ಅನ್ನುವುದೂ ಇಲ್ಲ. ಹೋಗುವವರು ಇನ್ನೊಂದನ್ನು ತಿಳಿದಿರಬೇಕು: ಅಲ್ಲಿ ತೀರ್ಪು ಸಿಗುವುದಿಲ್ಲ. ಊರ ಹಿರಿಯರ ಮುಂದೆ ಕುಳಿತರೆ ಇವಳದು ತಪ್ಪು, ಅವಳದು ಖರೆ ಎಂದು ಯಾರಾದರೂ ಮೀಸೆ ತಿರುವಿ ಹೇಳುತ್ತಾರೆ. ಈಕೆಯನ್ನು ಮೂರು ಸಲ ಕೇಳಿದೆ, ತಪ್ಪು ಯಾರದೆಂದು. ಮೂರು ಸಲವೂ, "ನಿಮಗೇನ ಅನಸ್ತೈತ್ರಿ?" ಅಂದಳು.

"ನನಗ ಅನಿಸಿದ್ದು ಕೇಳಾಕ ನಾ ಬಸ್ ಹತ್ತಿ ಬರಬೇಕೇನವಾ?" ಅಂದೆ.

ಅವಳು ನಕ್ಕಳು. "ಇಲ್ಲಿ ಹೇಳಿದ್ದು ಈ ಕೋಣಿ ದಾಟೂದಿಲ್ರಿ ಅಜ್ಜಿ. ಗಿರಿಜಾ ಅವರ ಮ್ಯಾಲ ನಿಮಗ ಖರೇನ ಸಿಟ್ಟು ಯಾತಕ್ಕ?"

ಅಷ್ಟು ಭರವಸೆ ಕೊಟ್ಟ ಮೇಲೆ ಹೇಳಿದೆ. "ಕಾಲು ಮುರಕೊಂಡು ಎರಡು ತಿಂಗಳು ಬಿದ್ದಿದ್ದೆ. ನನ್ನ ಹೇಲು ಉಚ್ಚಿ ಎಲ್ಲಾ ಅಕಿನ ಬಳದಾಳ. ಒಂದ್ ದಿನಾ ಮಾರಿ ಗಂಟ ಹಾಕಲಿಲ್ಲ. ಅಕಿ ಜಾಗಾದಾಗ ನಾ ಇದ್ದಿದ್ರ ಹಾಕ್ತಿದ್ದೆ. ಅದ ನನಗ ಸಿಟ್ಟು! ರೊಟ್ಟಿದಲ್ಲ!"

ಹೇಳಿ ಮುಗಿಸಿದಾಗ ಡಾಕ್ಟರಮ್ಮ ಬಾಗಿಲಿನ ಕಡೆ ನೋಡುತ್ತಿದ್ದಳು. ಕೇಳಬೇಕಾದ ಮಾತಿಗೆ ನನ್ನ ಗಂಟಲು ತಾನಾಗಿ ನಾಲ್ಕು ಮಗ್ಗದ ಎತ್ತರಕ್ಕೆ ಏರುತ್ತದೆ. ಕೋಣೆ ದಾಟುವುದಿಲ್ಲವೆಂದು ಅವಳು ಕೊಟ್ಟ ವಚನವನ್ನು ನಾನೇ ಮುರಿದಿದ್ದೆ. ಹೊರಗೆ ಬಂದರೆ ಬೆಂಚಿನ ಮೇಲಿದ್ದ ಐದಾರು ಜನ ಗೋಡೆಯ ಕ್ಯಾಲೆಂಡರನ್ನು ಬಹಳ ಭಕ್ತಿಯಿಂದ ಓದುತ್ತಿದ್ದರು. ಗಿರಿಜಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಹನ್ನೆರಡು ದಿನಗಳ ಮೇಲೆ ಬಾಯಿ ತೆರೆದಳು.

"ಅತ್ತಿ, ಒಳಗ ಮಾತಾಡಾಕ ಹೋಗಿದ್ರೋ, ಡಂಗುರಾ ಸಾರಾಕೋ?"

ನನಗೆ ಸಮಾಧಾನವಾಯಿತು. ಆದರೆ ಆಕೆ ಅಷ್ಟಕ್ಕೇ ಬಿಡಲಿಲ್ಲ. ಕೌಂಟರಿಗೆ ಹೋಗಿ, "ಮುಂದಿನ ಮಂಗಳವಾರ ನನ್ನ ಹೆಸರ ಬರೀರಿ" ಅಂದಳು.

ಆ ಮಂಗಳವಾರ ಬೆಂಚಿನ ಮೇಲೆ ಕುಳಿತವಳು ನಾನು. ಲೋಕಾಪುರದ ಅವಳ ತವರಿನಲ್ಲಿ ಮಗ್ಗವಿಲ್ಲ, ಹೊಲದ ಮಂದಿ. ಅವಳ ಮಾತು ಮೆತ್ತಗೆ. ಒಂದು ತಾಸಾಗುತ್ತ ಬಂದರೂ ಒಂದಕ್ಷರ ಹೊರಗೆ ಬರಲಿಲ್ಲ. ಹದಿನೆಂಟು ವರ್ಷದ ಲೆಕ್ಕ ಒಳಗೆ ಬಿಚ್ಚುತ್ತಿರಬೇಕು. ಯಾವುದರಿಂದ ಶುರು ಮಾಡಿದಳೋ? ಅವಳ ಬಾಣಂತನದಲ್ಲಿ ನಾನು ತುಪ್ಪ ಮುಚ್ಚಿಟ್ಟದ್ದರಿಂದಲೋ? ಎದ್ದು ಬಾಗಿಲಿಗೆ ಕಿವಿ ಹಚ್ಚಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಬೀಳಬೇಕಾದವಳು ಚೌಕಟ್ಟು ಹಿಡಿದು ನಿಂತೆ.

"ಏನ್ ಮಾಡಾಕತ್ತೀರಿ ಅಜ್ಜಿ?" ಅಂದಳು ಡಾಕ್ಟರಮ್ಮ.

"ಬಾಗಲಾ ಸಾಗವಾನಿದೇನು ನೋಡಾಕತ್ತಿದ್ದೆ."

ಮೆಟ್ಟಿಲು ಇಳಿಯುವಾಗ ಗಿರಿಜಾಳ ಮುಖ ಹಗುರಾಗಿತ್ತು. ನನಗೆ ತಡೆಯಲಾಗಲಿಲ್ಲ. "ನನ್ನ ಬಗ್ಗೆ ಏನೇನ್ ಹೇಳಿದೆವಾ? ಖರೇ ಹೇಳು, ಸಿಟ್ಟಾಗೂದಿಲ್ಲ."

"ನಿಮ್ಮ ತನಕಾ ಇನ್ನೂ ಬಂದಿಲ್ರಿ ಅತ್ತಿ. ಈ ಸಲ ಬರೇ ನಿಮ್ಮ ಮಗಂದಾತು."

ಒಂದು ತಾಸು! ಒಂದು ತಾಸಿನಲ್ಲಿ ನನ್ನ ಹೆಸರೇ ಬರಲಿಲ್ಲವಂತೆ! ಹದಿನೆಂಟು ವರ್ಷ ಒಂದು ದಿನವೂ ಬಿಡದೆ ಅತ್ತೆತನ ಮಾಡಿದವಳು ನಾನು, ಮಗ ಮಗ್ಗ ಬಿಟ್ಟು ಎದ್ದದ್ದೇ ಊಟದ ಹೊತ್ತಿಗೆ. ಬಸ್ಸಿನಲ್ಲಿ ಅವಳು ಪಕ್ಕದಲ್ಲೇ ಕುಳಿತು ಏನೇನೋ ಮಾತಾಡಿದಳು. ಬನಹಟ್ಟಿ ಬರುವ ತನಕ ನಾನು ತುಟಿ ಬಿಚ್ಚಲಿಲ್ಲ.